ಸೊಂಟದ ಬಟ್ಟಲು ಮುರಿದಾಗ ಒಂದು ತಿಂಗಳು ಕಾಯಬಹುದಾ?

ಕುಂಬಳೆ ಹತ್ತಿರ ಬೈಕಿನಿಂದ ಬಿದ್ದ ನಿಮ್ಮ ಭಾವನಿಗೆ ತೊಡೆಮೂಳೆಯ ಗುಂಡು ಕೂರುವ ಬಟ್ಟಲೇ ಹಲವು ಚೂರಾಗಿದೆ, ಈಗ ಕಾಲಿಗೆ ತೂಕ ಕಟ್ಟಿದ್ದಾರೆ, ಒಂದು ತಿಂಗಳು ನೋಡಿ ಮಂಗಳೂರಿಗೆ ಹೋದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು.

ನಾನು ಫಿಸಿಯೋಥೆರಪಿಸ್ಟ್, ಸರ್ಜನ್ ಅಲ್ಲ. ಆದರೂ ಇಷ್ಟು ಧೈರ್ಯವಾಗಿ ಹೇಳಬಲ್ಲೆ. ರಕ್ತಸ್ರಾವ ತಗ್ಗಲಿ ಅಂತ ಮೊದಲ ಕೆಲವು ದಿನ ಕಾಯುವುದುಂಟು. ಆಪರೇಷನ್ ಬೇಕು ಅಂತಾದರೆ ಸಾಮಾನ್ಯವಾಗಿ 2 ವಾರದೊಳಗೆ ಆಗುವುದು ಒಳ್ಳೆಯದು. 3 ವಾರ ದಾಟಿದರೆ ಚೂರುಗಳು ಸೊಟ್ಟಗೇ ಅಂಟಿಕೊಳ್ಳುತ್ತವೆ. ಬಿಡಿಸಿ ಜೋಡಿಸುವುದು ಬಹಳ ಕಷ್ಟ.

ಈ ಮುರಿತಗಳನ್ನು 1964ರಲ್ಲಿ ಫ್ರಾನ್ಸಿನ ಸರ್ಜನ್‌ಗಳಾದ ಜೂಡೆ, ಲೆಟೂರ್ನೆಲ್ 10 ಬಗೆಯಾಗಿ ವಿಂಗಡಿಸಿದರು. ಇಂದಿಗೂ ಅದೇ ಲೆಕ್ಕ. ಬಟ್ಟಲಿನ ಹಿಂದಿನ ಗೋಡೆ ಮುರಿದಿದ್ದರೆ ಪೃಷ್ಠದ ಕಡೆಯಿಂದ ಕೊಯ್ಯುತ್ತಾರೆ, ಮುಂದಿನ ಕಂಬ (ಬಟ್ಟಲಿಗೆ ಮುಂಭಾಗದಲ್ಲಿ ಆಸರೆಯಾದ ಮೂಳೆ) ಮುರಿದಿದ್ದರೆ ತೊಡೆಸಂದು ಅಥವಾ ಕೆಳಹೊಟ್ಟೆಯ ಕಡೆಯಿಂದ. ಹಾಗಾಗಿ ಎಕ್ಸ್‌ರೇ ಮಾತ್ರ ಸಾಲದು. ಸಿ.ಟಿ. ಸ್ಕ್ಯಾನ್‌ನ ಸಿ.ಡಿ. ಮರೆಯದೆ ಒಯ್ಯಿರಿ. ಬಟ್ಟಲಿನ ಒಳಮೈ 2 ಮಿಲಿಮೀಟರಿಗಿಂತ ಜಾಸ್ತಿ ಸರಿದಿದ್ದರೆ ಮುಂದೆ ಕೀಲು ಸವೆಯುವ ಭಯ ಹೆಚ್ಚು. ಆಸ್ಪತ್ರೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಇದೇ ಆಪರೇಷನ್ ಆಗಾಗ ಮಾಡುವ ಸರ್ಜನ್ ಮುಖ್ಯ. ಕೇಳಲು ಸಂಕೋಚ ಬೇಡ.

ಭಾವನಿಗೆ ಪಾದ ಮೇಲಕ್ಕೆ ಎತ್ತಲು ಬರುತ್ತದಾ ನೋಡಿ. ಬರದಿದ್ದರೆ ನರಕ್ಕೆ ಪೆಟ್ಟಾಗಿರಬಹುದು, ಇವತ್ತೇ ಡಾಕ್ಟರಿಗೆ ತಿಳಿಸಿ. ಎಣ್ಣೆ ತಿಕ್ಕಿಸಬೇಡಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ತಿಕ್ಕಿದಾಗ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು.

ಆಪರೇಷನ್ ಆದ ಮೇಲೆ ಸುಮಾರು 8ರಿಂದ 12 ವಾರ ಆ ಕಾಲಿಗೆ ಪೂರ್ತಿ ಭಾರ ಹಾಕುವಂತಿಲ್ಲ. ಕುಕ್ಕರುಗಾಲಲ್ಲಿ ಕೂರುವುದೂ ಬೇಡ. ಮನೆಯಲ್ಲಿ ನೆಲದ ಕಕ್ಕಸು ಆದರೆ ಈಗಲೇ ಒಂದು ಕಮೋಡ್ ಕುರ್ಚಿ ತಂದಿಡಿ.