ಗಿಟಾರ್ ಪ್ರಶ್ನೋತ್ತರ: ಮೊದಲು ಯಾವ ಕೃತಿ ಹಿಡಿಯಲಿ?

ಪ್ರಶ್ನೆ: ಕ್ಲಾಸಿಕಲ್ ಗಿಟಾರ್ ಶುರು ಮಾಡಿ ಕೆಲವು ತಿಂಗಳಾಯಿತು. ಹೇಳಿಕೊಡುವವರು ಯಾರೂ ಇಲ್ಲ, ಪುಸ್ತಕ ಮತ್ತು ವಿಡಿಯೊಗಳೇ ಗುರು. 'ರೊಮಾನ್ಸ್' ಅನ್ನುವ ಗಿಟಾರ್ ಕೃತಿ ಕೇಳಿ ಮನಸೋತು ಗಿಟಾರ್ ಕೊಂಡವನು ನಾನು. ಅದರ ಮೊದಲ ಸಾಲು ಬೇಗ ಬಂತು. ಆಮೇಲೆ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿಲ್ಲ. ನನ್ನ ಕೈಯಲ್ಲೇ ಏನಾದರೂ ತೊಂದರೆ ಇದೆಯಾ? ಇದನ್ನೇ ಮುಂದುವರಿಸಲೋ, ಬೇರೆ ಕೃತಿ ಹಿಡಿಯಲೋ?

ಉತ್ತರ: ನಿಮ್ಮ ಕೈ ಸರಿಯಾಗಿಯೇ ಇದೆ. ಆ ಕೃತಿ ಇರುವುದೇ ಹಾಗೆ. ಮೊದಲ ನಾಲ್ಕು ಬಾರ್‌ಗಳಲ್ಲಿ (ಬಾರ್ ಅಂದರೆ ತಾಳದ ಒಂದು ಸುತ್ತು) ಎಡಗೈಗೆ ಕೆಲಸವೇ ಇಲ್ಲ ಅನ್ನಬಹುದು. ಒಂದನೇ ತಂತಿಯ ಮೇಲೆ ಒಂದು ಬೆರಳು ಓಡಾಡಿದರೆ ಸಾಕು, ಉಳಿದದ್ದೆಲ್ಲ ಓಪನ್, ಅಂದರೆ ಒತ್ತದೆಯೇ ಮೀಟುವ ತಂತಿಗಳು. ಹಾಗಾಗಿ 'ಓ, ಬಂತು' ಅನ್ನಿಸುತ್ತದೆ. ಅಷ್ಟರಲ್ಲಿ ಐದನೇ ಫ್ರೆಟ್ಟಿನಲ್ಲಿ (ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ಬಾರೆ ಬರುತ್ತದೆ, ಅಂದರೆ ತೋರುಬೆರಳನ್ನು ಅಡ್ಡ ಮಲಗಿಸಿ ಹಲವು ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಅದನ್ನು ದಾಟಿದರೆ ಏಳನೇ ಫ್ರೆಟ್ಟಿನಲ್ಲಿ ಇನ್ನೊಂದು. ಎರಡನೇ ಭಾಗ ಇ ಮೇಜರ್ ಅನ್ನುವ ಬೇರೊಂದು ಸ್ವರಶ್ರೇಣಿಗೆ, ಅಂದರೆ ಸ್ಕೇಲ್‌ಗೆ ತಿರುಗುತ್ತದೆ, ಅಲ್ಲಿ ಬಾರೆ ಹಿಡಿದುಕೊಂಡೇ ಕಿರುಬೆರಳನ್ನು ದೂರ ಚಾಚಬೇಕು. ಮೊದಲ ಸಾಲು ನುಡಿಸಿ ಅಲ್ಲೇ ನಿಂತವರು ನೀವೊಬ್ಬರೇ ಅಲ್ಲ, ಸಾಕಷ್ಟು ಜನ ಇದ್ದಾರೆ.

ಈಗ ಅದನ್ನು ಎತ್ತಿಡಿ. ಬಿಟ್ಟುಬಿಡಿ ಅನ್ನುತ್ತಿಲ್ಲ, ಸುಮ್ನೆ ಸ್ವಲ್ಪ ಕಾಲ ಪಕ್ಕಕ್ಕಿಡಿ.

ಹೊಸ ಕೃತಿ ಆರಿಸುವಾಗ ಎಲ್ಲರೂ ಮೊದಲ ಸಾಲು ನೋಡುತ್ತಾರೆ. ನೀವು ಹಾಗೆ ಮಾಡಬೇಡಿ. ಇಡೀ ಪುಟದ ಮೇಲೆ ಕಣ್ಣಾಡಿಸಿ, ಅತಿ ಕಷ್ಟದ ಎರಡು ಬಾರ್ ಎಲ್ಲಿವೆ ಹುಡುಕಿ, ಗಿಟಾರ್ ಎತ್ತಿಕೊಂಡು ನೇರ ಅಲ್ಲಿಂದಲೇ ಶುರು ಮಾಡಿ. ತುಂಬ ನಿಧಾನವಾಗಿ ನುಡಿಸಿದರೂ ಪರವಾಗಿಲ್ಲ, ಆದರೆ ನಡುವೆ ನಿಲ್ಲದೆ, ಹೆಗಲು ಬಿಗಿಯದೆ ಆ ಎರಡು ಬಾರ್ ಒಂದು ವಾರದೊಳಗೆ ಕೈಗೆ ಬಂದರೆ ಕೃತಿ ನಿಮ್ಮದು. ಬರಲಿಲ್ಲವೆಂದರೆ ಅದು ಈಗಿನದಲ್ಲ. ಇಡೀ ಕೃತಿಯ ವೇಗವನ್ನೂ ಆ ಎರಡು ಬಾರ್‌ಗಳೇ ಗೊತ್ತು ಮಾಡುತ್ತವೆ. ಸುಲಭದ ಕಡೆ ಓಡಿ ಕಷ್ಟದ ಕಡೆ ತೆವಳಿದರೆ ಕೇಳುವವರಿಗೂ ಹಿಂಸೆ, ನುಡಿಸುವವರಿಗೂ ಹಿಂಸೆ.

ಇನ್ನೊಂದು ವಿಷಯ, ಒಂದು ಕೃತಿಯಲ್ಲಿ ನಿಮಗೆ ಹೊಸದು ಒಂದೇ ಇರಲಿ. ಬಾಸ್ (ಕೆಳಸ್ಥಾಯಿಯ ಸ್ವರಗಳು) ಮತ್ತು ರಾಗ (ಹಾಡಿಕೊಳ್ಳುವ ಧಾಟಿ) ಎರಡನ್ನೂ ಒಟ್ಟಿಗೆ ಮೀಟುವುದು ಹೊಸದಾದರೆ ಎಡಗೈ ಮೊದಲ ಮೂರು ಫ್ರೆಟ್ ದಾಟದಿರಲಿ. ಎಡಗೈ ಮೇಲಕ್ಕೆ ಹೋಗುವುದು ಹೊಸದಾದರೆ ಬಲಗೈಗೆ ಗೊತ್ತಿರುವ ಕೆಲಸವೇ ಇರಲಿ. 'ರೊಮಾನ್ಸ್' ನಿಮ್ಮ ಮುಂದೆ ಮೂರು ನಾಲ್ಕು ಹೊಸದನ್ನು ಒಟ್ಟಿಗೆ ತಂದಿಟ್ಟಿತು, ಅಲ್ವಾ?

ಹೆಸರು ಹೇಳಿ ಅನ್ನುತ್ತೀರಿ, ಹೇಳುತ್ತೇನೆ. ಫೆರ್ನಾಂಡೊ ಸೋರ್ (1778–1839) ಬರೆದ ಓಪಸ್ (ಕೃತಿಸಂಖ್ಯೆ) 60ರಿಂದ ಶುರು ಮಾಡಿ. 25 ಸಣ್ಣ ಪಾಠಗಳಿವೆ. ಮೊದಲನೆಯದರಲ್ಲಿ ಒಂದು ಸಲಕ್ಕೆ ಒಂದೇ ಸ್ವರ, ಅಷ್ಟೇ. ಆದರೂ ಅದು ಅಭ್ಯಾಸದ ಪಾಠದ ಹಾಗೆ ಕೇಳಿಸುವುದಿಲ್ಲ, ಹಾಡಿಕೊಳ್ಳಬಹುದು. ಒಂದು ಎಚ್ಚರಿಕೆ: ಮತ್ತೆಯೊ ಕಾರ್ಕಾಸ್ಸಿ (1792–1853) ಅವರದ್ದೂ ಒಂದು ಓಪಸ್ 60 ಇದೆ, ಅದರಲ್ಲೂ 25 ಪಾಠಗಳೇ! ಒಳ್ಳೆಯ ಪುಸ್ತಕವೇ, ಆದರೆ ನಿಮ್ಮ ಈಗಿನ ಹಂತಕ್ಕೆ ಬಹಳ ಎತ್ತರ. ನಂಬರ್ ಮಾತ್ರ ನೋಡಿ ತಂದುಕೊಂಡು, ನನಗೆ ಗಿಟಾರೇ ಆಗಿಬರುವುದಿಲ್ಲ ಅಂದುಕೊಳ್ಳಬೇಡಿ.

ಇದರ ಜೊತೆಗೆ ಫೆರ್ಡಿನಾಂಡೊ ಕರುಲ್ಲಿ (1770–1841) ಬರೆದ ಸಣ್ಣ ವಾಲ್ಟ್ಸ್‌ಗಳು. 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್, ವಿಯೆನ್ನಾಗಳಲ್ಲಿ ಮನೆಮನೆಯಲ್ಲಿ ಗಿಟಾರ್ ನುಡಿಸುವ ಹುಚ್ಚಿತ್ತು. ಹವ್ಯಾಸಿಗಳಿಗಾಗಿಯೇ ಇವರೆಲ್ಲ ಸಾಲುಸಾಲು ಪುಟ್ಟ ಕೃತಿಗಳನ್ನು ಬರೆದರು. ಕಲಿಯುವವರ ಪುಸ್ತಕಗಳಲ್ಲಿ ಅದೇ ಹೆಸರುಗಳು ಮತ್ತೆ ಮತ್ತೆ ಬರುವುದು ಅದಕ್ಕೇ. ಸ್ಪೇನಿನ ಜನಪದ 'ಮಲಗೆನ್ಯಾ' ಧಾಟಿಯ ಸರಳ ರೂಪಗಳೂ ಸಿಗುತ್ತವೆ. ಅಲ್ಲಿ ಹೆಬ್ಬೆರಳು ಕೆಳಸ್ಥಾಯಿಯಲ್ಲಿ ರಾಗ ನುಡಿಸುತ್ತದೆ, ಮೇಲೆ ಒಂದನೇ ತಂತಿ ಓಪನ್ ಆಗಿಯೇ ಮಿಡಿಯುತ್ತಿರುತ್ತದೆ. ಇರುವ ಕಷ್ಟಕ್ಕಿಂತ ಜಾಸ್ತಿ ಕಷ್ಟದ್ದು ಅನ್ನುವಂತೆ ಕೇಳುತ್ತದೆ. ಮನೆಯವರ ಮುಂದೆ ನುಡಿಸಲು ಅಂಥದ್ದೊಂದು ಬೇಕೇ ಬೇಕು.

ಯಾವ ಸ್ಕೇಲ್ ಅನ್ನುವುದನ್ನೂ ಗಮನಿಸಿ. ಗಿಟಾರಿನ ಆರು, ಐದು, ನಾಲ್ಕನೇ ತಂತಿಗಳು ಇ, ಎ, ಡಿ. ಹಾಗಾಗಿ ಇ ಮೈನರ್, ಎ ಮೈನರ್ ಕೃತಿಗಳಲ್ಲಿ ಮುಖ್ಯ ಬಾಸ್ ಸ್ವರಗಳು ಒತ್ತದೆಯೇ ಸಿಗುತ್ತವೆ, ಎಡಗೈ ಪೂರ್ತಿ ರಾಗಕ್ಕೆ ಬಿಡುವಾಗುತ್ತದೆ. ಸಿ ಮೇಜರ್ ಕಾಗದದ ಮೇಲೆ ಶಾರ್ಪ್, ಫ್ಲ್ಯಾಟ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ, ಇಳಿಸುವ ಗುರುತು) ಇಲ್ಲದ ಸಾಧು. ಆದರೆ ಅದರ ಎಫ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬಂದಾಗ ಮೊದಲ ಫ್ರೆಟ್ಟಿನಲ್ಲಿ ಎರಡು ತಂತಿಗಾದರೂ ಬೆರಳು ಮಲಗಿಸಬೇಕಾಗುತ್ತದೆ.

ಪ್ರಶ್ನೆ: ನಿಧಾನಗತಿಯ ಕೃತಿ ಸುಲಭ ಅಂತ ತಾರೇಗ ಅವರ 'ಲಾಗ್ರಿಮಾ' ಆರಿಸಿದೆ. ಎಷ್ಟು ನುಡಿಸಿದರೂ ತುಂಡುತುಂಡಾಗಿ ಕೇಳುತ್ತದೆ. ಯಾಕೆ?

ಉತ್ತರ: ನಿಧಾನ ಅಂದರೆ ಸುಲಭ ಅಲ್ಲ. ಗಿಟಾರಿನಲ್ಲಿ ಸ್ವರ ಮೀಟಿದ ಕ್ಷಣದಿಂದಲೇ ಇಳಿಯಲು ಶುರುವಾಗುತ್ತದೆ. ಪಿಟೀಲಿನ ಹಾಗೆ ಕಮಾನಿನಿಂದ ಅದನ್ನು ಎಳೆದು ನಿಲ್ಲಿಸಲು ಬರುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಬೆರಳು ಚೂರು ಮುಂಚೆ ಎದ್ದರೂ ಅಲ್ಲೊಂದು ತೂತು ಬೀಳುತ್ತದೆ. ವೇಗದ ಕೃತಿಯಲ್ಲಿ ಅದು ಮುಚ್ಚಿಹೋಗುತ್ತದೆ, ನಿಧಾನದ್ದರಲ್ಲಿ ಎದ್ದು ಕಾಣುತ್ತದೆ. 'ಲಾಗ್ರಿಮಾ' ಶುರುವಾಗುವುದೇ ರಾಗ ಮತ್ತು ಬಾಸ್ ಜೊತೆಜೊತೆಯಾಗಿ ಕುತ್ತಿಗೆಯ ಮೇಲೆ ಜಾರುವುದರಿಂದ, ನಡುವೆ ಎರಡನೇ ತಂತಿ ಓಪನ್. ಎರಡನೇ ಭಾಗ ಇ ಮೈನರ್, ಅಲ್ಲಿ ಬಾರೆಗಳೂ ಇವೆ. ಒಂದೇ ಪುಟದ ಪುಟ್ಟ ಕೃತಿ ಅಂತ ಮೋಸ ಹೋಗಬೇಡಿ. ಬಾರೆ ಹಿಡಿದರೂ ಎಲ್ಲ ತಂತಿ ಸ್ಪಷ್ಟವಾಗಿ ನುಡಿಯಲು ಶುರುವಾದ ಮೇಲೆ ಮತ್ತೆ ತೆಗೆಯಿರಿ.

ಪ್ರಶ್ನೆ: ಅಭ್ಯಾಸದ ಪಾಠಗಳು ಬೋರು. ಬರೀ ಕೃತಿಗಳನ್ನೇ ಕಲಿತರೆ ಆಗುವುದಿಲ್ಲವಾ?

ಉತ್ತರ: ಆಗುತ್ತದೆ, ಸೋರ್ ಅವರದ್ದರಲ್ಲಿ ಪಾಠ ಯಾವುದು ಕೃತಿ ಯಾವುದು ಅಂತ ಬೇರೆ ಮಾಡುವುದೇ ಕಷ್ಟ. ಆದರೆ ಮೌರೊ ಜೂಲಿಯಾನಿ ಅವರ ಓಪಸ್ 1ರಲ್ಲಿ ಬಲಗೈಗೆಂದೇ 120 ಪಾಠಗಳಿವೆ. ಎಡಗೈ ಹಿಡಿಯುವುದು ಎರಡೇ ಕಾರ್ಡ್, ಸಿ ಮತ್ತು ಜಿ ಸೆವೆನ್. ಬೋರೇ, ಒಪ್ಪುತ್ತೇನೆ. ಎಲ್ಲವನ್ನೂ ಮಾಡಬೇಡಿ. ನೀವು ಕಲಿಯುತ್ತಿರುವ ಕೃತಿಯಲ್ಲಿ ಬರುವ ಬೆರಳಿನ ಓಟ ಯಾವುದಿದೆ ನೋಡಿ, ಅದೊಂದನ್ನೇ ಆರಿಸಿ ದಿನಕ್ಕೆ ಐದು ನಿಮಿಷ ನುಡಿಸಿ. ಹಳೆಯ ಕಾಲದ ಸಂಗೀತವೇ ಬೇಸರ ಅನ್ನುವುದಾದರೆ, ಕ್ಯೂಬಾದ ಲಿಯೊ ಬ್ರೌವರ್ ಬರೆದ 20 ಸರಳ ಪಾಠಗಳಲ್ಲಿ ಮೊದಲನೆಯದನ್ನು ಕೇಳಿ. ಹೆಬ್ಬೆರಳು ಕೆಳಗೆ ರಾಗ ಹಿಡಿದು ನುಗ್ಗುತ್ತದೆ. ಎಡಗೈಗೆ ಹೆಚ್ಚು ಕೆಲಸವಿಲ್ಲ, ಲಯ ಮಾತ್ರ ಚೆನ್ನಾಗಿ ಎಣಿಸಬೇಕು.

ಪ್ರಶ್ನೆ: ಟ್ಯಾಬ್ (ತಂತಿ, ಫ್ರೆಟ್ ತೋರಿಸುವ ಅಂಕಿಗಳ ಬರಹ) ಸಾಲದಾ? ನೊಟೇಶನ್ (ಐದು ಗೆರೆಗಳ ಸ್ವರಲಿಪಿ) ಕಲಿಯಲೇಬೇಕಾ?

ಉತ್ತರ: ಟ್ಯಾಬ್ ಬೆರಳು ಎಲ್ಲಿಡಬೇಕು ಅಂತ ಹೇಳುತ್ತದೆ. ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಯಾವುದು ರಾಗ, ಯಾವುದು ಬಾಸ್ ಅನ್ನುವುದನ್ನು ಬಹಳ ಸಲ ಹೇಳುವುದಿಲ್ಲ. ನೊಟೇಶನ್‌ನಲ್ಲಿ ರಾಗದ ಸ್ವರಚಿಹ್ನೆಗಳ ಕಡ್ಡಿಗಳು ಮೇಲಕ್ಕೆ, ಬಾಸ್ ಕಡ್ಡಿಗಳು ಕೆಳಕ್ಕೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಬರೀ ಅಂಕಿ ಇದ್ದರೆ ಎಡಗೈ ಬೆರಳು, ಸುತ್ತು ಹಾಕಿದ ಅಂಕಿ ಇದ್ದರೆ ತಂತಿ. ಬಲಗೈಗೆ ಪಿ, ಐ, ಎಮ್, ಎ ಅಂತ ಬರೆದಿರುತ್ತಾರೆ: ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳು. ಮೊದಲ ಕೃತಿಗಳಲ್ಲಿ ಸ್ವರಗಳೇ ಕಡಿಮೆ, ಆದ್ದರಿಂದ ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಪ್ರಶ್ನೆ: ಬಲಗೈಗೆ ಉಗುರು ಬಿಡದೆ ಇವನ್ನೆಲ್ಲ ನುಡಿಸಬಹುದಾ? ನನ್ನ ಕೆಲಸಕ್ಕೆ ಉಗುರು ಆಗುವುದಿಲ್ಲ.

ಉತ್ತರ: ಧಾರಾಳವಾಗಿ ನುಡಿಸಿ. ಸೋರ್ ಉಗುರಿಲ್ಲದೆ ಬೆರಳ ತುದಿಯಿಂದಲೇ ನುಡಿಸುತ್ತಿದ್ದರು. ಅವರ ಗೆಳೆಯ ದಿಯೊನಿಸಿಯೊ ಅಗುವಾಡೊ ಉಗುರಿನ ಪಕ್ಷ. ಇಬ್ಬರೂ ಜೊತೆಯಾಗಿ ನುಡಿಸಲೆಂದು ಸೋರ್ 'ಇಬ್ಬರು ಗೆಳೆಯರು' ಅನ್ನುವ ಯುಗಳ ಕೃತಿಯನ್ನೇ ಬರೆದರು. ದನಿ ಸ್ವಲ್ಪ ಮೆತ್ತಗಿರುತ್ತದೆ ಅಷ್ಟೇ. ಎಡಗೈ ಉಗುರನ್ನು ಮಾತ್ರ ಪೂರ್ತಿ ಕತ್ತರಿಸಿ, ಇಲ್ಲದಿದ್ದರೆ ತಂತಿ ಸರಿಯಾಗಿ ಒತ್ತಲು ಆಗುವುದಿಲ್ಲ.