ಕ್ಲಬ್‌ನ ತಿಂಗಳ ಕಾರ್ಯಕ್ರಮ, ಹೊಸ ಸದಸ್ಯರು: ಮುಂಬೈ ಹತ್ತಿರದ ಡೊಂಬಿವಲಿಯ ಅಕ್ಕನ ಪ್ರಶ್ನೆಗೆ

ಅಕ್ಕಾ, ನಮಸ್ಕಾರ. ಜುಲೈ 1ರಿಂದ ನಿಮ್ಮ ಲಯನ್ಸ್ ಕ್ಲಬ್‌ಗೆ ನೀವು ಅಧ್ಯಕ್ಷರು. ಪಟ್ಟಿಯಲ್ಲಿ ಮೂವತ್ತಕ್ಕೂ ಜಾಸ್ತಿ ಹೆಸರಿದೆ, ಮೀಟಿಂಗ್‌ಗೆ ಹತ್ತು ಹನ್ನೆರಡು ಜನ ಬರುತ್ತಾರೆ. ಪ್ರತಿ ತಿಂಗಳು ಏನು ಕಾರ್ಯಕ್ರಮ ಇಡಬೇಕು, ಹೊಸಬರನ್ನು ಎಲ್ಲಿಂದ ತರಬೇಕು ಅಂತ ಕೇಳಿದ್ದೀರಿ. ನಾನು ಮುಲುಂಡ್ ಕಡೆ ರೋಟರಿಯಲ್ಲಿ ಕಾರ್ಯದರ್ಶಿ ಆಗಿದ್ದವನು. ಸಂಸ್ಥೆ ಬೇರೆ ಆದರೂ ತಾಪತ್ರಯ ಒಂದೇ. ಮೊದಲನೆಯದನ್ನು ಸರಿಯಾಗಿ ಮಾಡಿದರೆ ಎರಡನೆಯದಕ್ಕೆ ಬೇರೆ ಅಭಿಯಾನ ಬೇಕಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು "ಪ್ರತಿ ಸದಸ್ಯರೂ ಒಬ್ಬೊಬ್ಬರನ್ನು ಕರೆತರಲಿ" ಅಂದಿದ್ದಾರೆ. ಕರೆತರುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಭಾವ, ಪಕ್ಕದ ಅಂಗಡಿಯವರು, ಊರಿನ ಪರಿಚಯದವರು ಎಲ್ಲ ಬರುತ್ತಾರೆ. ಪಿನ್ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡು ಊಟ ಮಾಡುತ್ತಾರೆ. ದೀಪಾವಳಿ ಹೊತ್ತಿಗೆ ಒಬ್ಬರೂ ಕಾಣುವುದಿಲ್ಲ. ಯಾಕೆ ಬರಬೇಕು ಹೇಳಿ? ಅಲ್ಲಿ ಅವರಿಗೆ ಮಾಡಲು ಒಂದು ಕೆಲಸವೂ ಇರುವುದಿಲ್ಲ.

ಅದಕ್ಕೇ ಮೊದಲು ಈಗಿರುವ ಪಟ್ಟಿ ನೋಡಿ. ಅಂತರರಾಷ್ಟ್ರೀಯ ವಂತಿಗೆಯ (ಪ್ರತಿ ಸದಸ್ಯರ ಪರವಾಗಿ ಲಯನ್ಸ್ ಕೇಂದ್ರ ಸಂಸ್ಥೆಗೆ ಕಟ್ಟುವ ಹಣ) ಬಿಲ್ ವರ್ಷಕ್ಕೆ ಎರಡು ಸಲ ಬರುತ್ತದೆ, ಜುಲೈಯಲ್ಲಿ ಮತ್ತು ಜನವರಿಯಲ್ಲಿ. ಬಿಲ್ ಬರುವ ಮೊದಲೇ, ಜೂನ್‌ನಲ್ಲಿ, ಬಾರದವರಿಗೆಲ್ಲ ನೀವೇ ಫೋನ್ ಮಾಡಿ. "ಯಾಕೆ ಬರುವುದಿಲ್ಲ" ಅಂತ ಕೇಳಬೇಡಿ, ಅದು ವಿಚಾರಣೆ ಮಾಡಿದಂತೆ ಆಗುತ್ತದೆ. "ಯಾವ ದಿನ, ಯಾವ ಹೊತ್ತು ನಿಮಗೆ ಅನುಕೂಲ" ಅಂತ ಕೇಳಿ. ಮನೆ ಬದಲಾಯಿಸಿ ದೂರ ಹೋದವರನ್ನು ಪ್ರೀತಿಯಿಂದಲೇ ಬಿಟ್ಟುಕೊಡಿ. ಕೆಲವು ಕಡೆ ಅಧ್ಯಕ್ಷರೇ ಕೈಯಿಂದ ವಂತಿಗೆ ಕಟ್ಟಿ ಹೆಸರು ಉಳಿಸುತ್ತಾರೆ. ಕ್ಲಬ್ ವರ್ಷ ಮುಗಿಯುವ ಜೂನ್ 30ಕ್ಕೆ ಸದಸ್ಯರ ಸಂಖ್ಯೆ ಚೆನ್ನಾಗಿ ಕಾಣಬೇಕಲ್ಲ, ಪ್ರಶಸ್ತಿ ಬರಬೇಕಲ್ಲ! ನೀವು ಆ ದಾರಿ ಹಿಡಿಯಬೇಡಿ. ಮುಂದಿನ ಅಧ್ಯಕ್ಷರ ತಲೆಯ ಮೇಲೆ ಆ ಭಾರ ಬೀಳುತ್ತದೆ.

ಇನ್ನು ಕಾರ್ಯಕ್ರಮ. ಹನ್ನೆರಡು ತಿಂಗಳಿಗೆ ಹನ್ನೆರಡು ಹೊಸ ಯೋಜನೆ ಹುಡುಕುವುದು ಸುಮ್ನೆ ಆಯಾಸ. ಪ್ರತಿ ತಿಂಗಳೂ ನಡೆಯುವ ಒಂದೇ ಒಂದು ಕೆಲಸ ಇಟ್ಟುಕೊಳ್ಳಿ. ಜಾಗ, ವಾರ, ಹೊತ್ತು ಯಾವುದೂ ಬದಲಾಗಬಾರದು. ಉದಾಹರಣೆಗೆ ಎರಡನೇ ಶನಿವಾರ ಸಂಜೆ ಒಂದು ಹಳೆಯ ಚಾಳ್‌ನಲ್ಲಿ (ಒಂದೊಂದು ಕೋಣೆಯ ಮನೆಗಳ ಸಾಲು ಕಟ್ಟಡ) ಹಿರಿಯರ ಬಿಪಿ, ಶುಗರ್ ನೋಡಿ ಒಂದು ಪುಸ್ತಕದಲ್ಲಿ ಬರೆದಿಡುವುದು. ಅಥವಾ ಪಾಲಿಕೆ ಶಾಲೆಯ ಮಕ್ಕಳಿಗೆ ಓದಿಸುವುದು. ಮೂರ್ನಾಲ್ಕು ತಿಂಗಳಾದರೆ ಆ ಜನರೇ ನಿಮಗಾಗಿ ಕಾಯುತ್ತಾರೆ. ಕಾಯುವವರು ಇದ್ದರೆ ಸದಸ್ಯರಿಗೆ ತಪ್ಪಿಸಿಕೊಳ್ಳಲು ನಾಚಿಕೆ ಆಗುತ್ತದೆ. ಇದರ ಮೇಲೆ ವರ್ಷಕ್ಕೆ ನಾಲ್ಕೈದು ದೊಡ್ಡ ಕೆಲಸ ಸಾಕು.

ದೊಡ್ಡ ಕೆಲಸಗಳಲ್ಲಿ ತಾರೀಕೇ ಮುಖ್ಯ. ನಮ್ಮ ಕ್ಲಬ್‌ಗಳ ವರ್ಷ ಶುರುವಾಗುವುದು ಜುಲೈಯಲ್ಲಿ, ಇಲ್ಲಿನ ಶಾಲೆ ತೆರೆಯುವುದು ಜೂನ್ ಮಧ್ಯದಲ್ಲಿ. ಹೊಸ ಅಧ್ಯಕ್ಷರು ಬಂದು ನೋಟ್‌ಬುಕ್, ರೇನ್‌ಕೋಟ್ ಹಂಚುವಾಗ ಮಕ್ಕಳ ಮನೆಯವರು ಸಾಲ ಮಾಡಿ ಕೊಂಡಾಗಿರುತ್ತದೆ. ಆದ್ದರಿಂದ ಈಗಿನ ಅಧ್ಯಕ್ಷರ ಜೊತೆ ಕೂತು ಮೇ ತಿಂಗಳಲ್ಲೇ ಶಾಲೆಯಿಂದ ಪಟ್ಟಿ ತರಿಸಿ. ಹೆಸರು ಅವರ ವರ್ಷಕ್ಕೆ ಹೋದರೆ ಹೋಗಲಿ ಬಿಡಿ.

ರಕ್ತದಾನದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಎಲ್ಲ ಕ್ಲಬ್‌ಗಳೂ, ಪಕ್ಷಗಳೂ, ಮಂಡಳಗಳೂ ಆಗಸ್ಟ್ 15, ಅಕ್ಟೋಬರ್ 2, ಜನವರಿ 26 ಅಂತ ಅದೇ ದಿನಗಳ ಮೇಲೆ ಬೀಳುತ್ತವೆ. ಕೆಂಪು ರಕ್ತಕಣ ಫ್ರಿಜ್‌ನಲ್ಲಿ ಉಳಿಯುವುದು 35ರಿಂದ 42 ದಿನ. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಬಾಳುವುದು ಬರೀ 5 ದಿನ. ಆಗಸ್ಟ್ 15ಕ್ಕೆ ತೆಗೆದ ರಕ್ತ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಮುಂಬೈಯಲ್ಲಿ ನಿಜವಾಗಿ ಕೊರತೆ ಬೀಳುವುದು ದೀಪಾವಳಿ ರಜೆಯಲ್ಲಿ ಮತ್ತು ಮೇ ತಿಂಗಳಲ್ಲಿ. ಕಾಲೇಜು ಮುಚ್ಚಿರುತ್ತದೆ, ಜನ ಊರಿಗೆ ಹೋಗಿರುತ್ತಾರೆ. ಇನ್ನೊಂದು ಲೆಕ್ಕವೂ ಇದೆ. ಒಮ್ಮೆ ಕೊಟ್ಟ ಮೇಲೆ ಗಂಡಸರು 3 ತಿಂಗಳು, ಹೆಂಗಸರು 4 ತಿಂಗಳು ಕಾಯಬೇಕು. ಅಂದರೆ ಆಗಸ್ಟ್ 15ಕ್ಕೆ ಕೊಟ್ಟ ಗಂಡಸರು ನವೆಂಬರ್ ಮಧ್ಯದ ತನಕ, ಹೆಂಗಸರು ಡಿಸೆಂಬರ್ ಮಧ್ಯದ ತನಕ ಕೊಡುವ ಹಾಗಿಲ್ಲ. ದೀಪಾವಳಿ ಆಗಲೇ ಬಂದು ಹೋಗಿರುತ್ತದೆ, ಅಲ್ವಾ?

ಆದ್ದರಿಂದ ಎರಡು ಶಿಬಿರ ಮಾಡಿ. ಒಂದು ದೀಪಾವಳಿಗೆ ಒಂದು ವಾರ ಮೊದಲು, ಇನ್ನೊಂದು ಎಪ್ರಿಲ್ ಕೊನೆಯ ವಾರ. ಎಪ್ರಿಲ್ ಕೊನೆಯಲ್ಲಿ ತೆಗೆದದ್ದು ಮೇ ಪೂರ್ತಿ ಕಾಯುತ್ತದೆ. ನಮ್ಮ ಮುಂಬೈ ಕನ್ನಡಿಗರು ಮೇ ಮೊದಲ ವಾರ ಊರಿಗೆ ರೈಲು ಹತ್ತುವ ಮುಂಚೆಯೇ ಕೈಗೆ ಸಿಗುತ್ತಾರೆ. ಲೈಸೆನ್ಸ್ ಇರುವ ರಕ್ತ ಬ್ಯಾಂಕ್‌ನವರಿಗೆ ಎರಡು ತಿಂಗಳು ಮೊದಲೇ ಹೇಳಿಡಿ. ಎಷ್ಟು ಬಾಟಲಿ ಬೇಕು ಅಂತ ಅವರನ್ನೇ ಕೇಳಿ. ಬ್ಯಾನರ್‌ನಲ್ಲಿ ದೊಡ್ಡ ಸಂಖ್ಯೆ ತೋರಿಸಲು ಬೇಡದ ರಕ್ತ ತೆಗೆಸಬೇಡಿ.

ಇಲ್ಲಿಯೇ ಸದಸ್ಯತ್ವದ ಗುಟ್ಟು ಇರುವುದು. ರಕ್ತ ಕೊಡಲು ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಬಂದ ಹೆಂಗಸರಲ್ಲಿ ಎಷ್ಟೋ ಜನ ಈ 12.5ರ ಹತ್ತಿರ ವಾಪಸ್ ಆಗುತ್ತಾರೆ. ಕೊಡಬೇಕು ಅಂತ ಮನಸ್ಸು ಮಾಡಿ ಬಂದವರು ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ. ಅವರನ್ನು ಹೋಗಲು ಬಿಡಬೇಡಿ. ಹೆಸರು ಬರೆಯುವ ಮೇಜಿನಲ್ಲಿ ಕೂರಿಸಿ, ಇಲ್ಲವಾದರೆ ರಕ್ತ ಕೊಟ್ಟವರಿಗೆ ಜ್ಯೂಸ್, ಬಿಸ್ಕತ್ತು ಕೊಡುವ ಕೆಲಸ ಒಪ್ಪಿಸಿ. ಸಂಜೆ ಲೆಕ್ಕ ಹಾಕುವಾಗಲೂ ಜೊತೆಗೆ ಇರಿಸಿಕೊಳ್ಳಿ. ಮುಂದಿನ ತಿಂಗಳ ಚಾಳ್‌ನ ಕೆಲಸಕ್ಕೆ ಅವರನ್ನೇ ಕರೆಯಿರಿ. ಮೂರು ಸಲ ಕೆಲಸಕ್ಕೆ ಬಂದವರ ಕೈಗೆ ಮಾತ್ರ ಅರ್ಜಿ ಕೊಡಿ. ನಮ್ಮಲ್ಲಿ ಗಟ್ಟಿಯಾಗಿ ಉಳಿದವರು ಹೆಚ್ಚಾಗಿ ಹೀಗೆ ಬಂದವರೇ.

ಕಣ್ಣಿನ ಪೊರೆಯ ಶಿಬಿರದಲ್ಲೂ ಇದೇ ದಾರಿ. ತಪಾಸಣೆ ಚಾಳ್‌ನಲ್ಲಿ, ಆಪರೇಷನ್ ಆಸ್ಪತ್ರೆಯಲ್ಲಿ. ಆಮೇಲೆ ಮರುದಿನ, ಒಂದು ವಾರಕ್ಕೆ, ತಿಂಗಳಿಗೆ ಅಂತ ಮತ್ತೆ ತೋರಿಸಲು ಹೋಗಬೇಕಾಗುತ್ತದೆ. ಎಲ್ಲರೂ ಫೋಟೋ ತೆಗೆಯುವುದು ತಪಾಸಣೆಯ ದಿನ, ಅಜ್ಜಿಗೆ ಕಷ್ಟ ಆಗುವುದು ಮರುದಿನ. ಒಬ್ಬೊಬ್ಬ ಹಿರಿಯರಿಗೆ ಒಬ್ಬೊಬ್ಬ ಜೊತೆಗಾರರನ್ನು ಗೊತ್ತು ಮಾಡಿ. ಆ ಕೆಲಸಕ್ಕೆ ಹೊಸಬರು ಬಹಳ ಚೆನ್ನಾಗಿ ಆಗುತ್ತಾರೆ.

ಗಿಡ ನೆಡುವುದರ ಬಗ್ಗೆ ಒಂದೇ ಮಾತು. ಫೆಬ್ರವರಿಯಿಂದ ಮೇ ತನಕ ನೀರು ಹಾಕುವವರ ಹೆಸರು ಬರೆದಾದ ಮೇಲೆ ಗುಂಡಿ ತೋಡಿ. ಹತ್ತನೆಯ ತರಗತಿಯವರಿಗೆ ಮಾರ್ಗದರ್ಶನ ಇಡುವುದಾದರೆ ಡಿಸೆಂಬರ್ ಒಳಗೆ ಮುಗಿಸಿ, ಆಮೇಲೆ ಯಾವ ಮಗುವೂ ಬರುವುದಿಲ್ಲ. ಗಣಪತಿ, ನವರಾತ್ರಿಯ ದಿನಗಳಲ್ಲಿ ಏನೂ ಇಡಬೇಡಿ.

ಹೊತ್ತಿನ ವಿಷಯ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೀಟಿಂಗ್ ಇಟ್ಟರೆ ಲೋಕಲ್ ರೈಲಿನ ಸೆಂಟ್ರಲ್ ಲೈನ್‌ನಲ್ಲಿ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಕೆಲವು ಗಂಟೆ ರೈಲು ಕಡಿಮೆ ಮಾಡುವುದು) ಶುರುವಾಗಿರುತ್ತದೆ. ಠಾಣೆ, ಭಾಂಡುಪ್ ಕಡೆಯಿಂದ ಬರುವವರು ಇಷ್ಟರಿಂದಲೇ ಒಂದು ನೆವ ಕಂಡುಕೊಳ್ಳುತ್ತಾರೆ. ಹೋಟೆಲ್‌ನವರಿಗೆ ಭಾನುವಾರ ಎಂದರೆ ಉಸಿರಾಡಲೂ ಪುರುಸೊತ್ತಿಲ್ಲದ ದಿನ. ನಮ್ಮ ಕ್ಲಬ್‌ಗಳಲ್ಲಿ ಹೋಟೆಲ್‌ನವರು ಜಾಸ್ತಿ ಇರುತ್ತಾರೆ, ಆದರೂ ಎಲ್ಲರೂ ಭಾನುವಾರವೇ ಇಡುತ್ತಾರೆ, ಇದು ನನಗೆ ಇವತ್ತಿಗೂ ಅರ್ಥವಾಗದ ವಿಷಯ. ವಾರದ ದಿನ ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಅವರಿಗೆ ಎರಡು ಗಂಟೆ ಸಿಗುತ್ತದೆ. ಆಫೀಸಿನವರಿಗೆ ಅದು ಆಗದು. ಹಾಗಾಗಿ ತಿಂಗಳಿಗೆ ಎರಡು ಮೀಟಿಂಗ್ ಇದ್ದರೆ ಒಂದು ಇವರ ಹೊತ್ತಿಗೆ, ಒಂದು ಅವರ ಹೊತ್ತಿಗೆ ಇಡಿ. ರೋಟರಿಯಲ್ಲಿ ಮೊದಲು ಪ್ರತಿ ವಾರ ಸೇರಲೇಬೇಕಿತ್ತು, 2016ರ ನಿಯಮ ಬದಲಾವಣೆಯ ನಂತರ ತಿಂಗಳಿಗೆ ಕನಿಷ್ಠ ಎರಡು ಸಾಕು.

ಮನೆಯೊಳಗೂ ನೋಡಿ. ಇಲ್ಲೇ ಹುಟ್ಟಿದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ವಾಟ್ಸಾಪ್‌ನಲ್ಲಿ ಎಷ್ಟು ಉದ್ದ ಬರೆದರೂ ಅವರು ಓದುವುದಿಲ್ಲ. ಧ್ವನಿ ಸಂದೇಶ ಹಾಕಿ. ಮರಾಠಿ ಸೊಸೆ, ಗುಜರಾತಿ ಅಳಿಯ ಇದ್ದರೆ ಅವರನ್ನೂ ಕರೆಯಿರಿ. ಚಾಳ್‌ನಲ್ಲಿ ಹಿರಿಯರ ಹತ್ತಿರ ಮಾತಾಡಲು ಮರಾಠಿ ಸೊಸೆ ನಮಗಿಂತ ಮೇಲು. ಲಯನ್ಸ್‌ನಲ್ಲಿ ಕುಟುಂಬ ಸದಸ್ಯತ್ವ ಇದೆ. ಮೊದಲನೆಯವರು ಪೂರ್ತಿ ಅಂತರರಾಷ್ಟ್ರೀಯ ವಂತಿಗೆ ಕಟ್ಟಿದರೆ, ಅದೇ ಮನೆಯ ಮುಂದಿನ ನಾಲ್ವರಿಗೆ ಅರ್ಧ. 1987ರಿಂದ ಲಯನ್ಸ್‌ನಲ್ಲಿ ಹೆಂಗಸರು ಪೂರ್ಣ ಸದಸ್ಯರೇ ಆಗಬಹುದು. ಆದರೂ ಹಲವು ಕಡೆ ಅವರಿಗೆ ಸಿಗುವುದು ರಂಗೋಲಿ, ಆರತಿಯ ಕೆಲಸ. ಖಜಾಂಚಿ ಕೆಲಸ ಕೊಟ್ಟು ನೋಡಿ.

ಖಜಾಂಚಿ ಅಂದಾಗ ನೆನಪಾಯಿತು. ಪ್ರತಿ ತಿಂಗಳ ಜಮಾ-ಖರ್ಚು ಗ್ರೂಪಿಗೆ ಹಾಕಿ, ಚೆಕ್‌ಗೆ ಇಬ್ಬರ ಸಹಿ ಇರಲಿ. ದಾನಿಗಳು 80ಜಿ ರಸೀದಿ (ದಾನದ ಮೇಲೆ ಆದಾಯ ತೆರಿಗೆ ರಿಯಾಯಿತಿ ಪಡೆಯುವ ರಸೀದಿ) ಕೇಳಿದರೆ ಹೂಂ ಅನ್ನುವ ಮೊದಲು ಯೋಚಿಸಿ. ಕ್ಲಬ್ಬಿನ ಮಾಮೂಲಿ ರಸೀದಿಗೆ ಆ ರಿಯಾಯಿತಿ ಸಿಗುವುದಿಲ್ಲ. ನೋಂದಾಯಿತ ಟ್ರಸ್ಟ್‌ಗೆ ಆದಾಯ ತೆರಿಗೆ ಇಲಾಖೆಯ ಅನುಮೋದನೆ ಇದ್ದರೆ ಮಾತ್ರ ಸಿಗುತ್ತದೆ. ಅದರಲ್ಲೂ ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಲೆಕ್ಕಕ್ಕಿಲ್ಲ.

ಕೊನೆಯದು ನಿಮ್ಮ ಪದಗ್ರಹಣ. ದೊಡ್ಡ ಹಾಲ್, ಬಫೆ, ವೇದಿಕೆ ತುಂಬ ಶಾಲು-ಸ್ಮರಣಿಕೆ ಅಂತ ಹೊರಟರೆ ಮೊದಲ ತಿಂಗಳಲ್ಲೇ ಅರ್ಧ ವರ್ಷದ ದುಡ್ಡು ಖಾಲಿ. ಸಣ್ಣ ಹಾಲ್ ಸಾಕು. ಭಾಷಣ ಮೂರೇ ಇರಲಿ. ಹೊರಗಿನವರನ್ನು ಕರೆದಿದ್ದರೆ ಅವತ್ತೇ ಎರಡನೇ ಶನಿವಾರದ ಕೆಲಸಕ್ಕೆ ಹೆಸರು ಬರೆಸುವ ಒಂದು ಮೇಜು ಬಾಗಿಲ ಹತ್ತಿರ ಇಡಿ. ಯಾರು ಯಾವ ಕೆಲಸಕ್ಕೆ ಎಷ್ಟು ಸಲ ಬಂದರು ಅಂತ ಗುರುತು ಹಾಕುವ ನಮ್ಮ ಪಟ್ಟಿಯ ನಮೂನೆ ಬೇಕಿದ್ದರೆ ಹೇಳಿ, ಇಲ್ಲೇ ಹಾಕುತ್ತೇನೆ.