ಪಟ್ಟಿಯಲ್ಲಿ ಮೊದಲಿದ್ದ ಪೂಲ್ ತಂಡಕ್ಕೆ 2010ರಲ್ಲಿ ಪ್ರಶಸ್ತಿ ತಪ್ಪಿದ್ದು ಹೇಗೆ?

ಸ್ಪೀಡ್‌ವೇ ಎಂದರೆ ಮಣ್ಣಿನ ಟ್ರ್ಯಾಕ್ ಮೇಲಿನ ಬೈಕ್ ರೇಸ್. ಬ್ರಿಟನ್ನಿನಲ್ಲಿ ಇದರ ಲೀಗ್ ಆಗಿದ್ದ ಎಲೀಟ್ ಲೀಗ್‌ನಲ್ಲಿ ಆಗ ಚಾಂಪಿಯನ್ ಯಾರೆಂದು ನಿರ್ಧರಿಸುತ್ತಿದ್ದುದು ಅಂಕಪಟ್ಟಿಯಲ್ಲ, ಪ್ಲೇ-ಆಫ್. ನಮ್ಮ ಐಪಿಎಲ್ ನೋಡುವವರಿಗೆ ಇದು ಹೊಸದೇನಲ್ಲ. 2002ರಿಂದ ಅಲ್ಲಿ ಈ ಪದ್ಧತಿ ಬಂತು. 2010ರಲ್ಲಿ ಮೊದಲ ನಾಲ್ಕು ತಂಡಗಳಿಗೆ ಸೆಮಿಫೈನಲ್, ಆಮೇಲೆ ಫೈನಲ್. ಫೈನಲ್ ಎಂದರೆ ಎರಡು ಪಂದ್ಯ, ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು; ಎರಡರ ಒಟ್ಟು ಅಂಕ ಹೆಚ್ಚಿದ್ದವರಿಗೆ ಕಪ್. ಪೂಲ್ ಪೈರೇಟ್ಸ್ ಲೀಗ್ ಹಂತದಲ್ಲಿ ಮೊದಲಿದ್ದು, ಕೊನೆಗೆ ಫೈನಲ್‌ನಲ್ಲಿ ಕೋವೆಂಟ್ರಿ ಬೀಸ್ ತಂಡಕ್ಕೆ ಸೋತಿತು.

ಎರಡೇ ಪಂದ್ಯದಲ್ಲಿ ಲೆಕ್ಕ ಇಷ್ಟು ಬೇಗ ಬುಡಮೇಲಾಗುವುದು ಆಟದ ರೀತಿಯಿಂದಲೇ. ಒಂದು ಪಂದ್ಯಕ್ಕೆ 15 ಹೀಟ್, ಅಂದರೆ ಕಿರು ರೇಸುಗಳು. ಪ್ರತಿಯೊಂದರಲ್ಲೂ ತಂಡಕ್ಕಿಬ್ಬರಂತೆ ನಾಲ್ವರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದ ಓಟ. ಬರುವ ಅಂಕ 3, 2, 1, 0. ಒಂದು ತಂಡದ ಇಬ್ಬರೂ ಮೊದಲೆರಡು ಸ್ಥಾನ ಹಿಡಿದರೆ 5-1; ಆ ಒಂದು ನಿಮಿಷದಲ್ಲೇ ನಾಲ್ಕು ಅಂಕದ ಅಂತರ! ಬೈಕಿಗೆ ಬ್ರೇಕ್ ಬೇರೆ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಮಣ್ಣಿನ ಮೇಲೆ ಜಾರಿಸುತ್ತಲೇ ತಿರುಗಬೇಕು. ಹೊರಡುವಾಗ ಅರೆಕ್ಷಣ ತಡವಾದರೆ ಮುಂದಿನವನ ಚಕ್ರ ಎರಚುವ ಮಣ್ಣು ಮುಖಕ್ಕೇ. ಮುಖ್ಯ ಸವಾರನೊಬ್ಬ ಬಿದ್ದು ಗಾಯಗೊಂಡರಂತೂ ಆ ನಷ್ಟ ತುಂಬಿಕೊಳ್ಳಲು ಲೀಗ್ ಹಂತದಲ್ಲಿ ತಿಂಗಳುಗಳಿರುತ್ತವೆ, ಫೈನಲ್‌ನಲ್ಲಿ ಇರುವುದು 30 ಹೀಟ್ ಮಾತ್ರ.

ಪೂಲ್ ಅಭಿಮಾನಿಗಳಿಗೆ ಇದು ಅನ್ಯಾಯ ಅನ್ನಿಸಿದ್ದರೆ ತಪ್ಪೇನಿಲ್ಲ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಮುಂದಿನ ವರ್ಷ, 2011ರಲ್ಲಿ, ಅದೇ ಪ್ಲೇ-ಆಫ್ ಗೆದ್ದು ಪೂಲ್ ಚಾಂಪಿಯನ್ ಆಯಿತು.